ಮುಖ ನೋಡುವ ಮೊದಲು ರಟ್ಟು ತಿರುಗಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಚ್ಚಾದ ಹೈಸ್ಕೂಲಿನ ಗ್ರೂಪ್ ಫೋಟೋ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಕುರ್ಚಿ ಸಾಲಿನಲ್ಲಿ ಎಡದಿಂದ ಮೂರನೆಯವರು, ಜರಿ ಪೇಟ ಸುತ್ತಿ ಕೋಟು ತೊಟ್ಟವರು, 1914ರಲ್ಲಿ ಶಾಲೆಗೆ ಬಂದಿದ್ದ ದಿವಾನ್ ವಿಶ್ವೇಶ್ವರಯ್ಯನವರೇ ಎಂದು ಒಂದು ಕಡೆಯವರ ವಾದ. ಅಲ್ಲವೇ ಅಲ್ಲ, ಅವರು ನಮ್ಮ ಮುತ್ತಾತ, ಆಗಿನ ಹೆಡ್‌ಮಾಸ್ಟರು, ಮನೆಯಲ್ಲಿ ಹೆಸರುಗಳ ಪಟ್ಟಿಯೇ ಇದೆ ಎಂದು ಇನ್ನೊಂದು ಕಡೆಯವರ ವಾದ. ಇಬ್ಬರೂ ಮುಖವನ್ನೇ ದಿಟ್ಟಿಸುತ್ತಿದ್ದಾರೆ. ಮೂಗು ನೋಡಿ, ಹುಬ್ಬು ನೋಡಿ, ಆ ಗತ್ತು ನೋಡಿ ಅನ್ನುತ್ತಿದ್ದಾರೆ. ಹಳೆಯ ಫೋಟೋದಲ್ಲಿರುವವರನ್ನು ಗುರುತಿಸುವಾಗ ಮುಖಕ್ಕೆ ಬರಬೇಕಾದ್ದು ಕಟ್ಟಕಡೆಗೆ. ಅದಕ್ಕೆ ಮುಂಚೆ ನೋಡಬೇಕಾದ್ದನ್ನು ಈವರೆಗೆ ಯಾರೂ ನೋಡಿದಂತಿಲ್ಲ.

ಮೊದಲು ಕೋಟಿನ ಜೇಬು ನೋಡಿ. ಗಂಡಸರ ಕೋಟಿಗೆ ಎದೆಯ ಜೇಬು ತೊಟ್ಟವರ ಎಡಗಡೆ ಇರುತ್ತದೆ. ಗುಂಡಿ ಬಲಪಟ್ಟಿಗೆ, ಕಾಜ ಎಡಪಟ್ಟಿಗೆ. ಎಡಪಟ್ಟಿ ಮೇಲೆ ಬರುತ್ತದೆ. ಅಂದರೆ ಫೋಟೋದಲ್ಲಿ ಜೇಬು ನೋಡುವವರ ಬಲಕ್ಕೆ ಕಾಣಬೇಕು. ನೀವು ಅಚ್ಚು ಹಾಕಿದ ಚಿತ್ರದಲ್ಲಿ ನಿಂತ ಸಾಲಿನ ಐದು ಜನರ ಜೇಬೂ ನೋಡುವವರ ಎಡಕ್ಕಿದೆ. ಒಬ್ಬರದಾಗಿದ್ದರೆ ದರ್ಜಿಯ ತಪ್ಪು ಅನ್ನಬಹುದಿತ್ತು. ಐವರದೂ ಹಾಗಿದೆ ಅಂದರೆ ಚಿತ್ರವೇ ಉಲ್ಟಾ. ಗಾಜಿನ ಪ್ಲೇಟು ಅಥವಾ ಫಿಲಂ ನೆಗೆಟಿವನ್ನು ಮಗುಚಿಟ್ಟು ಪ್ರಿಂಟ್ ಹಾಕಿದರೆ ಅಥವಾ ಸ್ಕ್ಯಾನ್ ಮಾಡಿದರೆ ಹೀಗಾಗುತ್ತದೆ. ಎಮಲ್ಷನ್ ಬದಿ, ಅಂದರೆ ಬೆಳಕು ಹಿಡಿಯುವ ಲೇಪನವಿರುವ ಬದಿ, ಮಂಕಾಗಿರುತ್ತದೆ, ಇನ್ನೊಂದು ಬದಿ ಹೊಳೆಯುತ್ತದೆ. ಆತುರದಲ್ಲಿ ಕೆಲಸ ಮಾಡುವವರಿಗೆ ಇದು ತಪ್ಪಿಹೋಗುವುದು ತೀರ ಸಾಮಾನ್ಯ.

ಇದರ ಪರಿಣಾಮ ನೋಡಿ. ಕುರ್ಚಿ ಸಾಲಿನಲ್ಲಿ ಒಂಬತ್ತು ಜನ ಇದ್ದಾರೆ. ಸರಿಯಾದ ಚಿತ್ರದಲ್ಲಿ ಎಡದಿಂದ ಮೂರನೆಯವರಾಗಿದ್ದವರು ಉಲ್ಟಾ ಚಿತ್ರದಲ್ಲಿ ಏಳನೆಯವರಾಗುತ್ತಾರೆ. ಹೆಡ್‌ಮಾಸ್ಟರ ಮನೆಯವರ ಬಳಿ ಇರುವ ಪಟ್ಟಿ ಮೂಲ ಫೋಟೋ ನೋಡಿ ಬರೆದದ್ದಾಗಿದ್ದರೆ, ಪಟ್ಟಿ ಸರಿಯೇ ಇರಬಹುದು, ಅವರು ಬೆರಳಿಟ್ಟ ತಲೆ ಮಾತ್ರ ಬೇರೆಯವರದು. ನೀವು ಅಚ್ಚು ಹಾಕಿದ ಚಿತ್ರದಲ್ಲಿ ಅವರ ಮುತ್ತಾತ ಬಲತುದಿಯಿಂದ ಮೂರನೇ ಕುರ್ಚಿಯಲ್ಲಿ ಕೂತಿರಬೇಕು. ಅಷ್ಟು ವಾರ ಜಗಳವಾಡಿದ ಮೂರನೇ ಕುರ್ಚಿಯವರು ಯಾರು ಎಂಬುದಕ್ಕೆ ಪಟ್ಟಿಯ ಏಳನೇ ಹೆಸರನ್ನು ಓದಬೇಕು. ಆ ಹೆಸರನ್ನು ಇದುವರೆಗೆ ಯಾರೂ ಎತ್ತಿಲ್ಲ.

ಉಲ್ಟಾ ಪ್ರಿಂಟನ್ನು ಹಿಡಿಯಲು ಬೇರೆ ಗುರುತುಗಳೂ ಇವೆ. ಜನಿವಾರ ಎಡಭುಜದಿಂದ ಬಲಸೊಂಟಕ್ಕೆ ಇಳಿಯುತ್ತದೆ. ಶ್ರಾದ್ಧದ ಹೊತ್ತಿನಲ್ಲಿ ತೆಗೆದ ಚಿತ್ರವಾದರೆ ಮಾತ್ರ ಬಲಭುಜದಲ್ಲಿ. ಕೈಗಡಿಯಾರ ಬಹುಪಾಲು ಜನರಿಗೆ ಎಡಗೈಯಲ್ಲಿ. ಶಾಲೆಯ ಗುಂಪಿನ ಮುಂದೆ ಇಡುತ್ತಿದ್ದ ಸ್ಲೇಟು, ಹಿಂದಿನ ಬೋರ್ಡು ಇದ್ದರೆ ಅನುಮಾನಕ್ಕೇ ಜಾಗವಿಲ್ಲ. ಹೆಂಗಸರ ಸೆರಗನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಕೊಡವ ಹೆಂಗಸರ ಸೆರಗು ಬಲಭುಜದ ಮೇಲೆಯೇ ಬರುವುದು, ನೆರಿಗೆ ಬೆನ್ನ ಹಿಂದೆ; ಅಯ್ಯರ್ ಮನೆಗಳಲ್ಲಿ ಸೀರೆ ಉಡುವ ಮಡಿಸಾರು ಎಂಬ ರೀತಿಯಲ್ಲೂ ಸೆರಗು ಬಲಕ್ಕೆ. ಕೊಡಗಿನ ಫೋಟೋವನ್ನು ‘ಸರಿಮಾಡಲು’ ಹೋಗಿ ಉಲ್ಟಾ ಮಾಡಿಬಿಡುವ ಅಪಾಯವುಂಟು. ಹಳೆಯ ತಗಡಿನ ಫೋಟೋಗಳಲ್ಲಿ ನೆಗೆಟಿವ್ ಎಂಬುದೇ ಇಲ್ಲದ್ದರಿಂದ ಅವು ಹುಟ್ಟುವುದೇ ಕನ್ನಡಿಯ ಪ್ರತಿಬಿಂಬವಾಗಿ. ಅಮೆರಿಕದ ಕುಖ್ಯಾತ ಬಂದೂಕುಗಾರ ಬಿಲ್ಲಿ ದಿ ಕಿಡ್ ಎಡಚನೆಂದು ಜನ ದಶಕಗಳ ಕಾಲ ನಂಬಿದ್ದು ಇಂಥ ಒಂದು ತಗಡಿನ ಫೋಟೋ ನೋಡಿ. ಅವನ ಕೈಯಲ್ಲಿದ್ದ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಕಿಂಡಿ ತಪ್ಪು ಬದಿಗಿದ್ದದ್ದೇ ಗುಟ್ಟು ರಟ್ಟು ಮಾಡಿತು.

ಎರಡನೆಯದು ಕಾಲ. ನೆಲದ ಮೇಲೆ ಕೂತ ಹುಡುಗರಲ್ಲಿ ಇಬ್ಬರು ಬಿಳಿ ಗಾಂಧಿ ಟೋಪಿ ಹಾಕಿದ್ದಾರೆ. ಅಸಹಕಾರ ಚಳವಳಿ ಶುರುವಾದ 1920ರ ಹೊತ್ತಿನಿಂದ ಈಚೆಗೆ ಆ ಟೋಪಿ ಜನರ ತಲೆಗೆ ಏರಿದ್ದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಆದ್ದರಿಂದ ‘1914ರಲ್ಲಿ ದಿವಾನರ ಭೇಟಿ’ ಎಂಬ ವಿವರ ನಿಲ್ಲುವುದಿಲ್ಲ. ಆದರೆ ಇಷ್ಟರಿಂದಲೇ ಅದು ವಿಶ್ವೇಶ್ವರಯ್ಯನವರಲ್ಲ ಎಂದು ಹೇಳುವಂತೆಯೂ ಇಲ್ಲ. ಅವರು ಬದುಕಿದ್ದದ್ದು 1962ರವರೆಗೆ, ದಿವಾನಗಿರಿ ಬಿಟ್ಟ ಮೇಲೂ ಎಷ್ಟೋ ಶಾಲೆಗಳಿಗೆ ಹೋಗಿರಬಹುದು. ಆದರೆ 1920 ದಾಟಿದ ಮೇಲೆ ಅವರಿಗೆ ಅರವತ್ತರ ಆಸುಪಾಸು. ಚಿತ್ರದಲ್ಲಿರುವವರಿಗೆ ನಲವತ್ತೂ ಕಾಣುವುದಿಲ್ಲ. ಅವರಲ್ಲ ಎನ್ನಲು ಒಳ್ಳೆಯ ಆಧಾರ ಇದು, ಮೂಗಿನ ಉದ್ದವಲ್ಲ. ಅಂದಹಾಗೆ, ಹಳೆ ಮೈಸೂರಿನಲ್ಲಿ ಜರಿ ಪೇಟ ಮತ್ತು ಕೋಟು ಹಾಕಿದ ಪ್ರತಿಯೊಬ್ಬ ಅಮಲ್ದಾರ, ಮೇಷ್ಟ್ರು, ವಕೀಲ ಈಗ ಅಂತರ್ಜಾಲದಲ್ಲಿ ವಿಶ್ವೇಶ್ವರಯ್ಯನವರೋ ಮಿರ್ಜಾ ಇಸ್ಮಾಯಿಲರೋ ಆಗಿಬಿಡುತ್ತಿದ್ದಾರೆ. ಪೇಟ ಆಗಿನ ಉಡುಪು, ಒಬ್ಬರ ಗುರುತಲ್ಲ.

ಕಾಲ ತಿಳಿಯಲು ಮುಂಭಾಗಕ್ಕಿಂತ ಹಿಂಭಾಗವೇ ಹೆಚ್ಚು ಹೇಳುತ್ತದೆ, ನೀವು ಅದನ್ನು ಅಚ್ಚೇ ಹಾಕುವುದಿಲ್ಲ. ಫೋಟೋ ಅಂಟಿಸಿದ ರಟ್ಟನ್ನು ತಿರುಗಿಸಿ. ಸ್ಟುಡಿಯೋದ ಸೀಲಿನಲ್ಲಿ ಆರಂಕಿಯ ಪಿನ್‌ಕೋಡ್ ಇದೆಯೇ? ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಸೀಲು ಅದರ ನಂತರದ್ದು, ಅಂದರೆ ಕೈಯಲ್ಲಿರುವುದು ಹಳೆಯ ಫೋಟೋದಿಂದ ಮತ್ತೆ ತೆಗೆಸಿದ ಕಾಪಿ ಅಥವಾ ಹಳೆಯ ನೆಗೆಟಿವಿನಿಂದ ಆಮೇಲೆ ಹಾಕಿಸಿದ ಪ್ರಿಂಟು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಹಿಂದೆ ನೀಲಿ ಬಾಲ್‌ಪೆನ್ನಿನಲ್ಲಿ ‘1912’ ಎಂದು ಬರೆದಿದ್ದರೆ ಆ ಬರಹಕ್ಕೆ ಫೋಟೋದಷ್ಟು ವಯಸ್ಸಿಲ್ಲ. ಬಾಲ್‌ಪೆನ್ ಮಾರುಕಟ್ಟೆಗೆ ಬಂದದ್ದೇ 1945ರ ಹೊತ್ತಿಗೆ, ನಮ್ಮ ಮನೆಗಳಿಗೆ ಇನ್ನೂ ತಡವಾಗಿ. ಹಾಗೆ ಬರೆದವರು ನೋಡಿ ಬರೆದವರಲ್ಲ, ಕೇಳಿ ಬರೆದವರು. ಪೆನ್ಸಿಲಿನ ಬರಹ ಅಳಿಸಿಹೋದಂತೆ ಕಂಡರೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ರಟ್ಟಿಗೆ ಸಮವಾಗಿ ಮಲಗಿಸಿ ಹಿಡಿಯಿರಿ; ಪೆನ್ಸಿಲಿನ ಒತ್ತು ನೆರಳಾಗಿ ಎದ್ದು ಬರುತ್ತದೆ.

ಕಾಗದವೂ ಮಾತಾಡುತ್ತದೆ. ಮೊಟ್ಟೆಯ ಬಿಳಿಲೋಳೆ ಹಚ್ಚಿದ ಆಲ್ಬುಮೆನ್ ಕಾಗದ ತೀರ ತೆಳು, ಸುರುಳಿ ಸುತ್ತಿಕೊಳ್ಳುತ್ತದೆ; ಅದಕ್ಕೇ ಅದನ್ನು ರಟ್ಟಿಗೆ ಅಂಟಿಸಿಯೇ ಕೊಡುತ್ತಿದ್ದರು. ಬಣ್ಣ ನೇರಳೆಗೆ ತಿರುಗಿದ ಕಂದು, ಬೆಳಕಿನ ಜಾಗಗಳು ಹಳದಿ. 1850ರಿಂದ 1890ರ ದಶಕದವರೆಗೆ ಅದರ ಕಾಲ. ನಂತರದ ಜೆಲಟಿನ್ ಸಿಲ್ವರ್ ಕಾಗದ ಕಪ್ಪು ಬಿಳುಪು. ಹಳತಾದರೆ ಅಂಚಿನ ಕಪ್ಪು ಜಾಗಗಳು ಓರೆಯಾಗಿ ನೋಡಿದಾಗ ಬೆಳ್ಳಿಯಂತೆ ಮಿರುಗುತ್ತವೆ. ಚಿಕ್ಕ ರಟ್ಟು, ಸುಮಾರು 2½ ಇಂಚು ಅಗಲ 4 ಇಂಚು ಎತ್ತರದ್ದು, ‘ಕಾರ್ಟ್ ದ ವಿಸಿಟ್’. ಫ್ರಾನ್ಸಿನಲ್ಲಿ ಅದರ ಪೇಟೆಂಟ್ 1854ರದು. 4¼ ಇಂಚಿಗೆ 6½ ಇಂಚಿನ ‘ಕ್ಯಾಬಿನೆಟ್’ ರಟ್ಟು 1860ರ ದಶಕದ ಮಧ್ಯದಿಂದ ಈಚಿನದು.

ಇನ್ನೊಂದು ಸುಲಭದ ಪರೀಕ್ಷೆ ನೇರಳಾತೀತ ಟಾರ್ಚು, 365 ನ್ಯಾನೋಮೀಟರಿನದು. 1950ರ ದಶಕದಿಂದ ಈಚೆಗೆ ಫೋಟೋ ಕಾಗದಕ್ಕೆ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಬೆರೆಸತೊಡಗಿದರು. ಕತ್ತಲಲ್ಲಿ ಈ ಟಾರ್ಚು ಬಿಟ್ಟರೆ ಅಂಥ ಕಾಗದ ನೀಲಿ ಬಿಳಿಯಾಗಿ ಬೆಳಗುತ್ತದೆ. ಬೆಳಗಿದರೆ ಆ ಪ್ರಿಂಟು 1950ಕ್ಕೆ ಹಿಂದಿನದಲ್ಲ. ಬೆಳಗದಿದ್ದರೆ ಏನನ್ನೂ ಹೇಳುವಂತಿಲ್ಲ, ಎಲ್ಲ ಕಂಪನಿಗಳೂ ಎಲ್ಲ ಕಾಗದಕ್ಕೂ ಅದನ್ನು ಬೆರೆಸಲಿಲ್ಲ. ಜನ ಎಡವುವುದು ಇಲ್ಲಿಯೇ: ಪ್ರಿಂಟಿನ ವಯಸ್ಸು ಬೇರೆ, ನೆಗೆಟಿವಿನ ವಯಸ್ಸು ಬೇರೆ. 1925ರ ಗಾಜಿನ ಪ್ಲೇಟಿನಿಂದ 1960ರಲ್ಲಿ ಪ್ರಿಂಟ್ ಹಾಕಿಸಿರಬಹುದು. ಅಂಚಿನಲ್ಲಿ ಹೊಳೆಯುವ ಸಾಬೂನಿನ ಅಥವಾ ಗೋಂದಿನ ಕಲೆಯನ್ನು ಕಾಗದದ ಹೊಳಪೆಂದು ಓದಿದವರೂ ಇದ್ದಾರೆ; ಮಧ್ಯದ ಬಿಳಿ ಜಾಗದಲ್ಲಿ ನೋಡಬೇಕು.

ಹಿನ್ನೆಲೆಯ ಕಟ್ಟಡವೂ ಗಡುವು ಹಾಕುತ್ತದೆ. ಮೈಸೂರಿನ ಹಳೆಯ ಮರದ ಅರಮನೆ ಸುಟ್ಟದ್ದು 1897ರಲ್ಲಿ, ಈಗಿನದು ಮುಗಿದದ್ದು 1912ರಲ್ಲಿ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ವಿಧಾನಸೌಧ ಮುಗಿದದ್ದು 1956ರಲ್ಲಿ. ಗಾಂಧೀಜಿ ಇರುವ ಗುಂಪಾದರೆ ಅವರ ಉಡುಪೇ ಸಾಕು. 1915ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದಾಗ ಅವರು ಮುಂಡಾಸು ಸೇರಿದ ಗುಜರಾತಿನ ಕಾಠಿಯಾವಾಡಿ ಉಡುಪಿನಲ್ಲಿದ್ದರು. ಮೊಣಕಾಲಿನ ಪಂಚೆಗೆ ಇಳಿದದ್ದು 1921ರ ಸೆಪ್ಟೆಂಬರಿನಲ್ಲಿ, ಮದುರೆಯಲ್ಲಿ. ಮುಂಡಾಸು ಸುತ್ತಿದ ಗಾಂಧೀಜಿಯ ಚಿತ್ರಕ್ಕೆ ‘1924ರ ಬೆಳಗಾವಿ ಅಧಿವೇಶನ’ ಎಂದು ಅಡಿಬರಹ ಹಾಕಿದರೆ ಅದನ್ನು ಅಲ್ಲಿಯೇ ಕೈಬಿಡಬಹುದು. ಸ್ಟುಡಿಯೋದೊಳಗಿನ ಚಿತ್ರವಾದರೆ ಮಾತ್ರ ಹಿನ್ನೆಲೆಯ ಅರಮನೆ, ಕಂಬ, ಮೆಟ್ಟಿಲನ್ನು ನಂಬಬಾರದು, ಅದು ಬಟ್ಟೆಯ ಮೇಲೆ ಬರೆದ ಪರದೆ. ಕೋಟು, ಪೇಟ, ಬೆತ್ತ, ಮೇಜಿನ ಮೇಲಿನ ದಪ್ಪ ಪುಸ್ತಕ ಕೂಡ ಎಷ್ಟೋ ಸಲ ಸ್ಟುಡಿಯೋದವರದೇ. ಊರಿಗೆ ಹೊಸಬನಾದ ಗುಮಾಸ್ತನೂ ಆ ಕೋಟಿನಲ್ಲಿ ಜಹಗೀರುದಾರನಂತೆ ಕಾಣುತ್ತಾನೆ.

ಕಾಲವನ್ನು ಮೊದಲು ಕಟ್ಟಿಹಾಕುವುದು ಏಕೆ ಮುಖ್ಯ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. ‘ಟಿಪ್ಪು ಸುಲ್ತಾನನ ಅಸಲಿ ಫೋಟೋ, ಲಂಡನ್ನಿನಲ್ಲಿದೆ’ ಎಂಬ ಚಿತ್ರ ವರ್ಷವರ್ಷವೂ ಮೊಬೈಲಿಂದ ಮೊಬೈಲಿಗೆ ಹಾರುತ್ತದೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಚಿತ್ರದಲ್ಲಿರುವುದು ಟಿಪ್ಪು ಟಿಪ್ ಎಂದು ಹೆಸರಾಗಿದ್ದ ಜಾಂಜಿಬಾರಿನ ದಂತ ಮತ್ತು ಗುಲಾಮರ ವ್ಯಾಪಾರಿ, ಹಮದ್ ಬಿನ್ ಮುಹಮ್ಮದ್; ಅವನು ತೀರಿಕೊಂಡದ್ದು 1905ರಲ್ಲಿ. ಹೆಸರಿನ ಸದ್ದು ಹೊಂದಿಕೆಯಾಯಿತು, ಗಡ್ಡ ಪೇಟ ಕಂಡವು, ಮುಗಿಯಿತು. ಟಿಪ್ಪು ಪರ ಇರುವವರೂ ವಿರೋಧ ಇರುವವರೂ ಅದೇ ಚಿತ್ರ ಹಂಚುತ್ತಾರೆ ಎಂಬುದೊಂದು ತಮಾಷೆ. 1829ರಲ್ಲಿ ತೀರಿಕೊಂಡ ಕಿತ್ತೂರು ಚೆನ್ನಮ್ಮನದಾಗಲಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನದಾಗಲಿ ‘ಫೋಟೋ’ ಎಂದು ಯಾರಾದರೂ ಕಳಿಸಿದರೆ ಮುಖ ಪರೀಕ್ಷೆಗೆ ಒಂದು ನಿಮಿಷವನ್ನೂ ಕೊಡಬೇಕಿಲ್ಲ.

ಹೊರಗಿನ ಒಂದೆರಡು ಪ್ರಕರಣಗಳು ಇನ್ನೂ ಬಿಗಿಯಾದವು. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 13ನೇ ವಯಸ್ಸಿನಲ್ಲಿ ಹೀಗಿದ್ದ ಎಂದು ದಶಕಗಳ ಕಾಲ ಪುಸ್ತಕಗಳಲ್ಲಿ ಅಚ್ಚಾದ ಹುಡುಗನ ಫೋಟೋ ಒಂದಿತ್ತು. ಅದರಲ್ಲಿದ್ದ ಬ್ರಸೆಲ್ಸ್ ಸ್ಟುಡಿಯೋದ ಕಾಲವನ್ನು ಹುಡುಕಿದಾಗ, ವಿನ್ಸೆಂಟನಿಗೆ 13 ಆಗಿದ್ದ 1866ರಲ್ಲಿ ಆ ಫೋಟೋಗ್ರಾಫರ್ ಅಲ್ಲಿ ಅಂಗಡಿ ಇಟ್ಟೇ ಇರಲಿಲ್ಲ ಎಂದು ತಿಳಿಯಿತು. ಆಮೇಲೆ ಕಿವಿ, ಕಣ್ಣುಗಳನ್ನು ವಿನ್ಸೆಂಟನ ತಮ್ಮನಾದ ಥಿಯೋನ ಫೋಟೋಗಳ ಜೊತೆ ಹೋಲಿಸಿದರು. ಅದು 15 ವರ್ಷದ ಥಿಯೋ ಎಂದು 2018ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ವಸ್ತುಸಂಗ್ರಹಾಲಯವೇ ಪ್ರಕಟಿಸಿತು. ಅಣ್ಣತಮ್ಮಂದಿರ ಹೋಲಿಕೆ ಎಲ್ಲರನ್ನೂ ಅಷ್ಟು ಕಾಲ ಮೋಸಗೊಳಿಸಿತ್ತು. ದಾರಿ ತೋರಿಸಿದ್ದು ಅಂಗಡಿಯ ವಿಳಾಸ.

ಎರಡನೆಯದು ಎರಡನೇ ಮಹಾಯುದ್ಧದಲ್ಲಿ ಜಪಾನಿನ ಇವೋ ಜಿಮಾ ದ್ವೀಪದಲ್ಲಿ ಅಮೆರಿಕದ ಸೈನಿಕರು ಬಾವುಟ ನೆಡುವ ಫೋಟೋ. ಜೋ ರೋಸೆಂತಾಲ್ 1945ರ ಫೆಬ್ರುವರಿ 23ರಂದು ತೆಗೆದದ್ದು. ಆರು ಜನ, ಮುಖಗಳು ಸರಿಯಾಗಿ ಕಾಣುವುದಿಲ್ಲ, ತೆಗೆದ ಹೊತ್ತಿನಲ್ಲಿ ಯಾರೂ ಹೆಸರು ಬರೆದುಕೊಳ್ಳಲಿಲ್ಲ. ಅಂದಿನಿಂದ ಹೆಸರುಗಳು ಮೂರು ಸಲ ಬದಲಾದವು. 1947ರಲ್ಲಿ ಹ್ಯಾನ್ಸೆನ್ ಹೋಗಿ ಬ್ಲಾಕ್ ಬಂದರು, 2016ರಲ್ಲಿ ಬ್ರಾಡ್ಲಿ ಹೋಗಿ ಶುಲ್ಟ್ಜ್, 2019ರಲ್ಲಿ ಗ್ಯಾಗ್ನನ್ ಹೋಗಿ ಕೆಲ್ಲರ್. ಕೊನೆಯ ಎರಡು ತಿದ್ದುಪಡಿಗಳಿಗೆ ಆಧಾರವಾದದ್ದು ಮಡಿಚಿದ ಪ್ಯಾಂಟಿನ ಅಂಚು, ಸೊಂಟದ ಬೆಲ್ಟಿನ ಬಗೆ, ಹೆಲ್ಮೆಟ್ಟಿನಿಂದ ನೇತಾಡುತ್ತಿದ್ದ ಪಟ್ಟಿ, ಬೆರಳಿನ ಮದುವೆಯ ಉಂಗುರ. ಅದೇ ದಿನ ಬೇರೆಯವರು ತೆಗೆದ ಚಿತ್ರಗಳಲ್ಲಿ ಅದೇ ಉಂಗುರ, ಅದೇ ಪಟ್ಟಿ ಇರುವವರನ್ನು ಹುಡುಕಿದರು. ನಮ್ಮ ಊರ ಮದುವೆಯ ಫೋಟೋಗಳಿಗೂ ಇದೇ ಉಪಾಯ ನಡೆಯುತ್ತದೆ. ಒಂದು ಚಿತ್ರದಲ್ಲಿ ಮುಖ ಮಸುಕಾದವರನ್ನು ಅದೇ ದಿನದ ಇನ್ನೊಂದು ಚಿತ್ರದಲ್ಲಿ ಶಲ್ಯದ ಅಂಚು, ಡಾಬು, ಕೋಟಿನ ಗುಂಡಿ ಹಿಡಿದು ಹುಡುಕಿ.

ಕಪ್ಪು ಬಿಳುಪಿನಲ್ಲಿ ಬಣ್ಣ ಓದುವವರಿಗೆ ಒಂದು ಎಚ್ಚರಿಕೆ. ಮೊದಮೊದಲ ಪ್ಲೇಟುಗಳು ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ನಂತರ ಬಂದ ಆರ್ಥೋ ಫಿಲಂಗೆ ಹಸಿರೂ ತಿಳಿಯಿತು, ಕೆಂಪು ತಿಳಿಯಲಿಲ್ಲ. ಅವುಗಳಲ್ಲಿ ಕೆಂಪು ಕಪ್ಪಾಗುತ್ತದೆ, ತಿಳಿನೀಲಿ ಬಿಳಿಯಾಗುತ್ತದೆ, ಹಳದಿಯೂ ಕಂದುತ್ತದೆ. ತಿಳಿನೀಲಿ ಸೀರೆಯ ಮುತ್ತೈದೆಯನ್ನು ‘ಬಿಳಿ ಸೀರೆ, ವಿಧವೆ’ ಎಂದು ಓದಿ, ಆಕೆಯ ಗಂಡ ಸತ್ತ ವರ್ಷದ ಮೇಲೆ ಫೋಟೋಗೆ ಕಾಲ ಹಚ್ಚಿದರೆ ಇಡೀ ಲೆಕ್ಕ ತಪ್ಪುತ್ತದೆ. ತಿರುಗಿಸಿ ಹೇಳುವುದಾದರೆ, ತಲೆ ಬೋಳಿಸಿ ಸೆರಗು ಹೊದ್ದ ಮಡಿ ಹೆಂಗಸರು ಉಡುತ್ತಿದ್ದ ಕೆಂಪು ಸೀರೆ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ, ‘ಕಪ್ಪು ಸೀರೆಯ ಅಜ್ಜಿ ನಮ್ಮ ಕಡೆಯವರಲ್ಲ’ ಎಂದು ಮನೆಯವರೇ ಆಕೆಯನ್ನು ಬಿಟ್ಟುಬಿಡುತ್ತಾರೆ. ಹಣೆಯಲ್ಲಿ ಕುಂಕುಮ ಇಲ್ಲವೆಂದು ತೀರ್ಮಾನಿಸುವ ಮುಂಚೆ 10 ಪಟ್ಟಿನ ಮಸೂರದಲ್ಲಿ ಕಪ್ಪು ಬೊಟ್ಟನ್ನು ಹುಡುಕಿ.

ಮಚ್ಚೆಯ ಮೇಲೆ ನಡೆಯುವ ಜಗಳ ಇನ್ನೂ ದೊಡ್ಡದು. ‘ನಮ್ಮ ತಾತನಿಗೆ ಎಡಕೆನ್ನೆಯಲ್ಲಿ ಮಚ್ಚೆ ಇತ್ತು, ಇದರಲ್ಲಿಲ್ಲ’ ಎಂಬ ಮಾತಿಗೆ ಬೆಲೆ ಕಡಿಮೆ. ಸ್ಟುಡಿಯೋದ ಟಚಿಂಗ್ ಕೆಲಸದವರು ನೆಗೆಟಿವಿನ ಮೇಲೆ ಚೂಪಾದ ಪೆನ್ಸಿಲಿನಿಂದ ತಿದ್ದಿ ಸುಕ್ಕು, ಸಿಡುಬಿನ ಕಲೆ, ಮಚ್ಚೆ ಎಲ್ಲವನ್ನೂ ಮಾಯ ಮಾಡುತ್ತಿದ್ದರು. ಅದಕ್ಕೇ ಅವರಿಗೆ ಕಾಸು. ‘ಇದರಲ್ಲಿ ಮಚ್ಚೆ ಇದೆ’ ಎಂಬುದೂ ಅಷ್ಟೇ. ಫೋಟೋ ತೆಗೆಯುವಾಗ ಪ್ಲೇಟಿನ ಮೇಲೆ ಧೂಳಿನ ಕಣ ಕೂತಿದ್ದರೆ ಆ ಜಾಗಕ್ಕೆ ಬೆಳಕು ಬೀಳದೆ ನೆಗೆಟಿವಿನಲ್ಲಿ ತೆರಪಾಗುತ್ತದೆ, ಪ್ರಿಂಟಿನಲ್ಲಿ ಕಪ್ಪು ಚುಕ್ಕೆಯಾಗುತ್ತದೆ. ಪ್ರಿಂಟ್ ಹಾಕುವಾಗ ನೆಗೆಟಿವಿನ ಮೇಲೆ ಕೂತ ಧೂಳು ಬಿಳಿ ಚುಕ್ಕೆ ಕೊಡುತ್ತದೆ. ಕಪ್ಪು ಚುಕ್ಕೆ ಮಚ್ಚೆಯೋ ಧೂಳೋ ತಿಳಿಯಲು ಅದೇ ವ್ಯಕ್ತಿಯ, ಬೇರೆ ದಿನದ, ಇನ್ನೊಂದು ಚಿತ್ರದಲ್ಲಿ ಅದೇ ಜಾಗದಲ್ಲಿ ಅದು ಸಿಗಬೇಕು. ಎರಡರಲ್ಲಿ ಒಂದು ಉಲ್ಟಾ ಪ್ರಿಂಟಾಗಿದ್ದರೆ ಮಚ್ಚೆ ಇನ್ನೊಂದು ಕೆನ್ನೆಗೆ ಹೋಗಿರುತ್ತದೆ ಎಂಬುದನ್ನೂ ಮರೆಯಬೇಡಿ.

ಗಂಡ ಹೆಂಡತಿ ಜೊತೆಯಾಗಿ ಕೂತ ಚಿತ್ರದಲ್ಲಿ ಒಬ್ಬರ ನೆರಳು ಎಡಕ್ಕೂ ಇನ್ನೊಬ್ಬರದು ಬಲಕ್ಕೂ ಬಿದ್ದಿದ್ದರೆ, ಒಬ್ಬರ ಅಂಚು ಕತ್ತರಿಸಿದಂತೆ ಚೂಪಾಗಿದ್ದರೆ, ಅದು ಎರಡು ಫೋಟೋ ಕೂಡಿಸಿದ್ದು. ಗಂಡ ತೀರಿಕೊಂಡ ಮೇಲೆ ಹೀಗೆ ಮಾಡಿಸುವುದು ವಾಡಿಕೆಯಾಗಿತ್ತು. ಆಗ ಗಂಡನ ವಯಸ್ಸಿನಿಂದ ಹೆಂಡತಿಯ ವಯಸ್ಸನ್ನು ಲೆಕ್ಕ ಹಾಕುವಂತಿಲ್ಲ. ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಧರಿಸಿ, ಹಾರ ಹಾಕಿ ತೆಗೆಸಿದ ಚಿತ್ರಗಳಿರುತ್ತವೆ. ಸಾವಿನ ನಂತರ ಮುಖದ ಸ್ನಾಯು ಸಡಿಲಾಗುವುದರಿಂದ ಅವನ್ನು ಬದುಕಿದ್ದಾಗಿನ ಚಿತ್ರದ ಜೊತೆ ಹೋಲಿಸಿ ‘ಬೇರೆಯವರು’ ಎನ್ನಬಾರದು.

ಹೆಸರಿನ ತೊಡಕು ನಮ್ಮಲ್ಲಿ ವಿಶೇಷ. ತಾತನ ಹೆಸರು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಒಂದು ತಲೆಮಾರು ಬಿಟ್ಟು ಒಂದಕ್ಕೆ ಅದೇ ಹೆಸರು, ಅದೇ ಇನಿಷಿಯಲ್. ‘ಸುಬ್ಬರಾಯರು’ ಎಂಬ ಬರಹ ತಾತನದೋ ಮೊಮ್ಮಗನದೋ? ಫೋಟೋದ ಕಾಲ ಗೊತ್ತಿಲ್ಲದೆ ಹೇಳಲಾಗದು. ದಕ್ಷಿಣದಲ್ಲಿ ಇನಿಷಿಯಲ್ಲಿನಲ್ಲಿ ಊರು ಮತ್ತು ತಂದೆ, ಉತ್ತರದಲ್ಲಿ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಕೆಲಸಕ್ಕೆಂದು ಧಾರವಾಡದಿಂದ ಮೈಸೂರಿಗೆ ಬಂದವರ ಹೆಸರು ಎರಡೂ ರೀತಿಯಲ್ಲಿ ದಾಖಲಾಗಿ ಒಬ್ಬರೇ ಇಬ್ಬರಾಗುತ್ತಾರೆ. ಹೆಂಗಸರದು ಇನ್ನೂ ಕಷ್ಟ. ಮದುವೆಯಲ್ಲಿ ಹೊಸ ಹೆಸರು ಇಡುವ ಪದ್ಧತಿ ಉತ್ತರ ಕರ್ನಾಟಕದಲ್ಲೂ ಕರಾವಳಿಯ ಕೊಂಕಣಿ ಮನೆಗಳಲ್ಲೂ ಇತ್ತು. ತವರಿನವರು ‘ಇದು ನಮ್ಮ ಗಂಗೂ’ ಎನ್ನುತ್ತಾರೆ, ಗಂಡನ ಮನೆಯವರು ‘ಇದು ರಮಾಬಾಯಿ’ ಎನ್ನುತ್ತಾರೆ. ಜಗಳ ಜೋರಾಗಿ ನಡೆದಿರುತ್ತದೆ, ಇಬ್ಬರೂ ಹೇಳುತ್ತಿರುವುದು ಒಬ್ಬಳನ್ನೇ.

ಗ್ರೂಪ್ ಫೋಟೋದ ಹೆಸರಿನ ಪಟ್ಟಿ ಕೈಗೆ ಬಂದರೆ ಓದುವ ಮೊದಲು ಎಣಿಸಿ. ಸಾಲಿನಲ್ಲಿ 14 ತಲೆ, ಪಟ್ಟಿಯಲ್ಲಿ 13 ಹೆಸರು ಇದ್ದರೆ ಎಲ್ಲೋ ಒಬ್ಬರು ಬಿಟ್ಟುಹೋಗಿದ್ದಾರೆ, ಅಲ್ಲಿಂದಾಚೆ ಪ್ರತಿ ಹೆಸರೂ ಒಂದು ಸ್ಥಾನ ಜಾರಿದೆ. ಬಿಟ್ಟುಹೋಗುವುದು ಹೆಚ್ಚಾಗಿ ಸಾಲಿನ ತುದಿಯಲ್ಲಿ ನಿಂತ ಶಾಲೆಯ ಜವಾನ. ಅವನು ಎಡತುದಿಯಲ್ಲಿದ್ದರೆ ಇಡೀ ಸಾಲೇ ತಪ್ಪಾಗುತ್ತದೆ, ಬಲತುದಿಯಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ನೆಲದ ಮೇಲೆ ಕೂತವರನ್ನು ಮೊದಲ ಸಾಲೆಂದು ಲೆಕ್ಕ ಹಾಕಿದ್ದಾರೋ ಕುರ್ಚಿಯವರನ್ನೋ ಎಂಬುದೂ ಪ್ರತಿ ಪಟ್ಟಿಗೆ ಬೇರೆ. ಕ್ಯಾಮೆರಾವೇ ನಿಧಾನ ತಿರುಗಿ ತೆಗೆಯುವ ಉದ್ದನೆಯ ಗ್ರೂಪ್ ಫೋಟೋಗಳಲ್ಲಿ ತುಂಟ ಹುಡುಗನೊಬ್ಬ ಒಂದು ತುದಿಯಿಂದ ಹಿಂದೆ ಓಡಿ ಇನ್ನೊಂದು ತುದಿಯಲ್ಲಿ ನಿಂತು ಎರಡು ಸಲ ಬಿದ್ದಿರುವುದುಂಟು. ಅವಳಿಗಳೆಂದು ಹೆಸರು ಹುಡುಕಿ ಸುಸ್ತಾಗಬೇಡಿ.

ಇಷ್ಟೆಲ್ಲ ಆದ ಮೇಲೆ ಮುಖ. ಅದಕ್ಕೆ ಮೊದಲು ಬೇಕಾದ್ದು ಒಳ್ಳೆಯ ಸ್ಕ್ಯಾನ್. 12 ಇಂಚಿಗೆ 10 ಇಂಚಿನ ಗುಂಪಿನ ಚಿತ್ರದಲ್ಲಿ ಒಂದು ಮುಖ ಸುಮಾರು 8 ಮಿಲಿಮೀಟರ್ ಇರುತ್ತದೆ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ ಆ ಮುಖಕ್ಕೆ 190 ಪಿಕ್ಸೆಲ್‌ನಷ್ಟು ಸಿಗುತ್ತದೆ, ಹೋಲಿಸಲು ಸಾಕು. ಅದೇ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಹೋದಾಗ ಉದ್ದದ ಬದಿ 1600 ಪಿಕ್ಸೆಲ್‌ನ ಆಸುಪಾಸಿಗೆ ಕುಗ್ಗಿದರೆ ಮುಖಕ್ಕೆ ಉಳಿಯುವುದು 40ರಷ್ಟು. ಅದರಲ್ಲಿ ಹುಬ್ಬು ಯಾವುದು ನೆರಳು ಯಾವುದು ಎಂದೂ ತಿಳಿಯದು. ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಪತ್ರಿಕೆಯಲ್ಲಿ ಅಚ್ಚಾದದ್ದನ್ನು ಸ್ಕ್ಯಾನ್ ಮಾಡಿ ಹೋಲಿಸುವುದಂತೂ ಚುಕ್ಕಿಗಳನ್ನು ಹೋಲಿಸಿದಂತೆ. ಮಸುಕಾದ ಮುಖವನ್ನು ಎಐ ಆ್ಯಪ್‌ಗೆ ಹಾಕಿ ‘ಸ್ಪಷ್ಟ’ ಮಾಡಿಸಿಕೊಂಡು ಕಳಿಸುತ್ತಿರುವ ಓದುಗರೇ, ಆ ರೆಪ್ಪೆ, ಆ ಹಲ್ಲು, ಆ ಕಣ್ಣಿನ ಹೊಳಪು ಮೂಲದಲ್ಲಿಲ್ಲ, ಯಂತ್ರ ತಾನೇ ಬರೆದದ್ದು. ಇಬ್ಬರು ಬೇರೆ ಬೇರೆಯವರನ್ನು ಅದು ಒಂದೇ ಅಚ್ಚಿಗೆ ಎಳೆಯುತ್ತದೆ, ಆಮೇಲೆ ಇಬ್ಬರೂ ಒಬ್ಬರಂತೆಯೇ ಕಾಣುತ್ತಾರೆ.

ಹೋಲಿಸುವಾಗ ಕಿವಿಯ ಒಳಗಿನ ಏಣುಗಳು, ಕೂದಲ ಗಡಿ, ಕಣ್ಣುಗಳ ನಡುವಿನ ಅಂತರ, ಮೂಗಿನ ಬುಡ ಮತ್ತು ಮೇಲ್ದುಟಿಯ ನಡುವಿನ ಜಾಗ ಇವನ್ನು ನೋಡುತ್ತಾರೆ. ಕಿವಿಯ ಹಾಲೆಯನ್ನು ಮಾತ್ರ ನಂಬಬೇಡಿ. ಓಲೆ, ಕಡಕು, ಒಂಟಿಯ ಭಾರಕ್ಕೆ ನಮ್ಮವರ ಹಾಲೆ ಇಳಿಯುತ್ತದೆ, ವಯಸ್ಸಿನಲ್ಲೂ ಉದ್ದವಾಗುತ್ತದೆ. ತಲೆ ತುಸು ಎತ್ತಿದರೆ ಕಿವಿ ಕೆಳಗಿಳಿದಂತೆ ಕಾಣುತ್ತದೆ. ಕ್ಯಾಮೆರಾ ತೀರ ಹತ್ತಿರವಿದ್ದರೆ ಮೂಗು ಉಬ್ಬಿ ಕಿವಿ ಕುಗ್ಗುತ್ತದೆ. ಹಲ್ಲು ಕಟ್ಟಿಸಿಕೊಂಡವರ ಗದ್ದದ ಅಳತೆಯೇ ಬದಲಾಗುತ್ತದೆ. ಒಂದು ಸ್ಪಷ್ಟ ವ್ಯತ್ಯಾಸ ‘ಅಲ್ಲ’ ಎನ್ನಲು ಸಾಕು. ಹತ್ತು ಹೋಲಿಕೆ ಸಿಕ್ಕರೂ ‘ಹೌದು’ ಎನ್ನಲು ಸಾಲದು, ಅಣ್ಣತಮ್ಮ, ಸೋದರಮಾವ, ದಾಯಾದಿ ಎಲ್ಲರಿಗೂ ಆ ಹತ್ತು ಇರುತ್ತವೆ.

ಹಿರಿಯರನ್ನು ಕೇಳುವ ರೀತಿಯಲ್ಲೇ ಎಷ್ಟೋ ತಪ್ಪು ಹುಟ್ಟುತ್ತದೆ. ‘ಅಜ್ಜಿ, ಇದು ವಿಶ್ವೇಶ್ವರಯ್ಯನವರೇ ಅಲ್ವಾ?’ ಎಂದು ಕೇಳಿದರೆ ಹೌದು ಎನ್ನದೆ ಅವರು ಏನು ಮಾಡಿಯಾರು? ಹೆಸರು ಎತ್ತದೆ ಚಿತ್ರ ಕೊಡಿ. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ, ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದರೆ ಮೊದಲು ಮಾತಾಡಿದವರ ಹೆಸರೇ ಉಳಿಯುತ್ತದೆ. ಅವರು ತಾವಾಗಿ ಯಾವ ತಲೆಯಿಂದ ಶುರು ಮಾಡಿದರು ಎಂಬುದನ್ನೂ ಬರೆದುಕೊಳ್ಳಿ. ಖಚಿತವಾಗಿ ಗೊತ್ತಿದ್ದವರನ್ನೇ ಮೊದಲು ಹೇಳುತ್ತಾರೆ. ಅವರು ಆ ವ್ಯಕ್ತಿಯನ್ನು ಕಣ್ಣಾರೆ ಕಂಡವರೋ, ಗೋಡೆಯ ಮೇಲಿನ ಚಿತ್ರದಿಂದ ಮಾತ್ರ ಬಲ್ಲವರೋ ಎಂಬುದು ಎಲ್ಲಕ್ಕಿಂತ ಮುಖ್ಯ. ಮುತ್ತಾತ ತೀರಿಕೊಂಡ ಮೇಲೆ ಹುಟ್ಟಿದವರು ‘ಅವರ ಮುಖ ನನಗೆ ಚೆನ್ನಾಗಿ ಗೊತ್ತು’ ಎಂದರೆ ಅವರಿಗೆ ಗೊತ್ತಿರುವುದು ಇನ್ನೊಂದು ಫೋಟೋ.

ಪತ್ರಿಕೆಯಿಂದ ಆಗಬೇಕಾದ್ದು ಇಷ್ಟು. ಓದುಗರು ಕಳಿಸುವ ಚಿತ್ರದ ಜೊತೆ ಹಿಂಭಾಗದ ಚಿತ್ರವನ್ನೂ ಕಡ್ಡಾಯವಾಗಿ ಕೇಳಿ, ಚಿಕ್ಕದಾಗಿಯಾದರೂ ಅಚ್ಚು ಹಾಕಿ. ಅಂಚು ಕತ್ತರಿಸಬೇಡಿ, ಸ್ಟುಡಿಯೋ ಹೆಸರು ಇರುವುದು ಅಲ್ಲಿಯೇ. ‘ಎಡದಿಂದ ಬಲಕ್ಕೆ’ ಎಂಬ ಪಟ್ಟಿಯ ಬದಲು, ಪ್ರತಿ ತಲೆಯ ಅಂಚನ್ನು ಗೆರೆಯಲ್ಲಿ ಬರೆದು ಅದರೊಳಗೆ ಸಂಖ್ಯೆ ಹಾಕಿದ ಚಿಕ್ಕ ನಕ್ಷೆಯನ್ನು ಪಕ್ಕದಲ್ಲಿ ಕೊಡಿ. ಚಿತ್ರ ಉಲ್ಟಾ ಆದರೂ ಸಂಖ್ಯೆ ತಲೆಯನ್ನು ಬಿಟ್ಟು ಹೋಗುವುದಿಲ್ಲ. ಮನೆಯಲ್ಲಿ ಮಾಡುವವರು ಟ್ರೇಸಿಂಗ್ ಕಾಗದವನ್ನು ಜೆರಾಕ್ಸಿನ ಮೇಲಿಟ್ಟು ಬರೆಯಿರಿ, ಮೂಲ ಫೋಟೋದ ಮೇಲಲ್ಲ. ಒತ್ತಿದ ಗೆರೆ ಮುಖದ ಮೇಲೆ ಉಳಿದುಬಿಡುತ್ತದೆ. ಪ್ರತಿ ಹೆಸರಿನ ಮುಂದೆ ಯಾರು ಹೇಳಿದ್ದು, ಯಾವ ಆಧಾರದ ಮೇಲೆ, ಖಚಿತವೋ, ಬಹುಶಃವೋ, ಮನೆಮಾತೋ ಎಂದು ಒಂದು ಪದ ಸೇರಿಸಿ. ಒಪ್ಪದವರ ಹೆಸರನ್ನೂ ಹಾಗೆಯೇ ಅದರ ಕೆಳಗೆ ಇಡಿ. ಇವತ್ತು ನೀವು ‘ವಿಶ್ವೇಶ್ವರಯ್ಯನವರು’ ಎಂದು ಅಚ್ಚು ಹಾಕಿದ್ದು ನಾಳೆ ಹುಡುಕಾಟದ ಪುಟದಲ್ಲಿ ಮೊದಲು ಬರುತ್ತದೆ. ನಾಡಿದ್ದು ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯವರು ಅದನ್ನೇ ಎತ್ತಿಕೊಳ್ಳುತ್ತಾರೆ, ಅಲ್ಲಿಂದ ಅದು ‘ದಾಖಲೆ’.

ಇನ್ನೊಂದು ಕೋರಿಕೆ. ಆ ಚಿತ್ರದ ನಿಂತ ಸಾಲಿನ ತುದಿಯಲ್ಲಿ ರುಮಾಲು ಸುತ್ತಿ ಕೈಯಲ್ಲಿ ಗಂಟೆಯ ಕೋಲು ಹಿಡಿದವನೊಬ್ಬನಿದ್ದಾನೆ. ಇಷ್ಟು ಪತ್ರಗಳಲ್ಲಿ ಅವನ ಬಗ್ಗೆ ಒಂದು ಸಾಲೂ ಇಲ್ಲ. ಜವಾನನ ನೇಮಕ, ಸಂಬಳ, ನಿವೃತ್ತಿ ಶಾಲೆಯ ಸಂಬಳದ ಬಟವಾಡೆ ಪುಸ್ತಕದಲ್ಲಿ ವರ್ಷದ ಸಮೇತ ದಾಖಲಾಗುತ್ತಿತ್ತು. ಅನೇಕ ಹಳೆಯ ಶಾಲೆಗಳಲ್ಲಿ ಆ ಪುಸ್ತಕಗಳು ಬೀರುವಿನಲ್ಲಿ ಇನ್ನೂ ಇವೆ. ಅವನ ಹೆಸರು ಮತ್ತು ಸೇವೆಯ ವರ್ಷಗಳು ಸಿಕ್ಕರೆ ಫೋಟೋದ ಕಾಲ ಎರಡು ಕಡೆಯಿಂದಲೂ ಬಿಗಿಯುತ್ತದೆ. ಹೆಡ್‌ಮಾಸ್ಟರ ಮನೆಯವರೂ ವಿಶ್ವೇಶ್ವರಯ್ಯನವರ ಪಕ್ಷದವರೂ ಆ ಶಾಲೆಯ ಕಚೇರಿಗೆ ಹೋಗಿ 1920ರಿಂದ ಮುಂದಿನ ಪುಸ್ತಕಗಳನ್ನು ಕೇಳಲಿ.

ಇತಿ,
ಹಳೆಯ ಫೋಟೋಗಳ ವಿಂಗಡಣೆಯ ಕೆಲಸದಲ್ಲಿರುವ ಓದುಗರು, ಮೈಸೂರು